ಕಿರ್ದಿಯಿಂದ ದೂರದ ಸರ್ವರಿನವರೆಗೆ



1916ರಲ್ಲಿ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದ ಕಾಲದಲ್ಲಿ ಧರ್ಮಸಂಸ್ಥೆಗಳ ಲೆಕ್ಕಪತ್ರವೆಂದರೆ ಕಿರ್ದಿ, ಖತಾವಣಿ ಮತ್ತು ಬೀಗವಿಕ್ಕಿದ ಪೆಟ್ಟಿಗೆ. ಕಾಲಕ್ರಮದಲ್ಲಿ ಆ ಸ್ಥಾನಕ್ಕೆ ಗಣಕಯಂತ್ರ ಬಂದಿತು. ಈಗ ಅದನ್ನೂ ಮೇಜಿನಿಂದ ತೆಗೆದು 'ವರ್ಚುವಲ್ ಡೆಸ್ಕ್‌ಟಾಪ್' ಅಳವಡಿಸುವ ಕ್ರಮ ದೊಡ್ಡ ಸಂಸ್ಥೆಗಳಲ್ಲಿ ರೂಢಿಗೆ ಬಂದಿದೆ. ಇದರಲ್ಲಿ ನೌಕರನ ಮುಂದೆ ಇರುವುದು ಪರದೆ, ಕೀಲಿಮಣೆ ಮತ್ತು ಒಂದು ಚಿಕ್ಕ ಪೆಟ್ಟಿಗೆ ಮಾತ್ರ; ಲೆಕ್ಕವೂ ಕಡತವೂ ದೂರದ ಸರ್ವರಿನಲ್ಲಿ ಇರುತ್ತವೆ.

ಇದು ತೀರ ಹೊಸದೆಂದು ಭಾವಿಸಬೇಕಾಗಿಲ್ಲ. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಪದ್ಧತಿಯನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1961ರಲ್ಲಿಯೇ ಪ್ರದರ್ಶಿಸಲಾಗಿತ್ತು. 1972ರಲ್ಲಿ ಐಬಿಎಂ ಪ್ರಕಟಿಸಿದ ವ್ಯವಸ್ಥೆಯೊಂದು, ಒಂದೇ ಯಂತ್ರದೊಳಗೆ ಪ್ರತಿಯೊಬ್ಬನಿಗೂ ಬೇರೆಯೇ ಯಂತ್ರವಿರುವಂತೆ ತೋರಿಸಿತು. 1981ರಲ್ಲಿ ಅದೇ ಕಂಪೆನಿಯ ಪಿ.ಸಿ. ಬಂದ ಮೇಲೆ ಯಂತ್ರವು ಮೇಜುಮೇಜಿಗೂ ಹರಡಿತು. ಈಗ ಅದು ಮತ್ತೆ ಒಂದೆಡೆ ಸೇರುತ್ತಿದೆ.

ಇದರ ಫಲಾಫಲಗಳನ್ನು ನಮ್ಮ ಸೀಮೆಯ ರೈತ ಈಗಾಗಲೇ ಕಂಡಿದ್ದಾನೆ. 2001ರ ಸುಮಾರಿಗೆ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಮೊದಲು ಸಿರುಗುಪ್ಪದ ದಾಖಲೆ ಸಿರುಗುಪ್ಪದ ಕಚೇರಿಯಲ್ಲಿತ್ತು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದರಿಂದ ಅಲ್ಲಿಯ ರೈತನ ದಾಖಲೆ ಬಳ್ಳಾರಿಯಲ್ಲಿತ್ತು. ಮುಂದೆ ಎಲ್ಲವೂ ಬೆಂಗಳೂರಿನ ಕೇಂದ್ರವನ್ನು ಸೇರಿದವು. 2009ರಲ್ಲಿ ತುಂಗಭದ್ರೆ ಉಕ್ಕಿ ಸಿರುಗುಪ್ಪ ತಾಲ್ಲೂಕಿನ ಗ್ರಾಮಗಳು ಮುಳುಗಿದುದನ್ನು ನೆನೆದರೆ, ದಾಖಲೆಯು ದೂರದಲ್ಲಿ ಸುರಕ್ಷಿತವಾಗಿರುವುದು ಎಷ್ಟು ಲೇಸೆಂಬುದು ತಿಳಿಯುತ್ತದೆ. ಆದರೆ ದಿನದ ಕೂಲಿ ಬಿಟ್ಟು ಬಂದು ಸರದಿಯಲ್ಲಿ ನಿಂತವನಿಗೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ದೊರೆತುದೂ ಉಂಟು. ಸಂಪರ್ಕವೊಂದು ಕಡಿದರೆ ಎಲ್ಲ ಮೇಜುಗಳೂ ಒಮ್ಮೆಗೇ ಮೌನವಾಗುತ್ತವೆ.

ಧರ್ಮಸಂಸ್ಥೆಗಳು ಇದನ್ನು ಮರೆಯಬಾರದು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ, ಸಿರುಗುಪ್ಪ ಕುರುಗೋಡುಗಳಲ್ಲಿ ಶಾಲೆಗಳುಳ್ಳ ಸಂಸ್ಥೆಗೆ ಈ ವ್ಯವಸ್ಥೆಯಿಂದ ಅನುಕೂಲಗಳಿವೆ: ಒಂದು ಪೆಟ್ಟಿಗೆ ಕೆಟ್ಟರೂ ಕಡತ ಉಳಿಯುತ್ತದೆ, ದುರಸ್ತಿ ಸುಲಭ, ಲೆಕ್ಕವೆಲ್ಲ ಒಂದೆಡೆ ದೊರೆಯುತ್ತದೆ. ಆದರೆ ಆ ಸರ್ವರಿನಲ್ಲಿರುವುದು ಭಕ್ತನ ಕಾಣಿಕೆಯ ಲೆಕ್ಕ, ಬಡ ವಿದ್ಯಾರ್ಥಿಯ ಅಂಕಪಟ್ಟಿ. ಇನ್ನೊಂದು ಪ್ರತಿ ಬೇರೊಂದು ಊರಿನಲ್ಲಿರಲಿ. ಸಂಪರ್ಕ ಕಡಿದ ದಿನಕ್ಕೆ ರಶೀದಿ ಪುಸ್ತಕ ಸಿದ್ಧವಿರಲಿ. ಸರ್ವರಿನ ಅಧಿಕಾರವು ಗುತ್ತಿಗೆದಾರನೊಬ್ಬನ ಕೈಯಲ್ಲಿರದೆ ಸಂಸ್ಥೆಯ ಹಿರಿಯರ ಕೈಯಲ್ಲಿರಲಿ.

ದಾಸೋಹದ ಅಡಿಗೆಮನೆ ಒಂದೇ ಆಗಿರಬಹುದು; ಅದರ ಒಲೆ ಆರಿತೆಂದು ಪಂಕ್ತಿಯಲ್ಲಿ ಕುಳಿತವರನ್ನು ಎಬ್ಬಿಸಿ ಕಳುಹಿಸುವುದು ಧರ್ಮವಲ್ಲ.