ಗ್ಯಾರೇಜೋ ಗುಜರಿಯೋ: ಹಳೆಯ ಜೀಪಿನ ಚರಿತ್ರೆ

ನಮ್ಮ ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ‘ಕಂಡಮ್’ ಎಂಬ ಪದವೊಂದಿದೆ. ತಾಲ್ಲೂಕು ಕಚೇರಿಯ ಹಿತ್ತಿಲಲ್ಲಿ ಗಾಳಿ ಹೋದ ಟೈರುಗಳ ಮೇಲೆ ಕುಸಿದು ಕೂತು, ಬಾನೆಟ್ಟಿನ ಮೇಲೆ ಬಳ್ಳಿ ಹಬ್ಬಿಸಿಕೊಂಡು ಹರಾಜಿಗೆ ಕಾಯುತ್ತಿರುವ ಜೀಪನ್ನು ಕಂಡವರಿಗೆ ಆ ಪದದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸೇನೆಯಲ್ಲೂ ಇದಕ್ಕೊಂದು ಮಾತುಂಟು: ‘ಬಿಯಾಂಡ್ ಎಕನಾಮಿಕ್ ರಿಪೇರ್’. ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನು ಮೀರಿದರೆ ಗುಜರಿ, ಮೀರದಿದ್ದರೆ ಗ್ಯಾರೇಜು. ಮೇಲುನೋಟಕ್ಕೆ ಇದು ಪ್ರೈಮರಿ ಶಾಲೆಯ ಕೂಡು-ಕಳೆ ಲೆಕ್ಕ. ಆದರೆ ಜೀಪಿನ ಎಂಬತ್ತೈದು ವರ್ಷಗಳ ಚರಿತ್ರೆಯನ್ನು ತಿರುವಿದರೆ, ಈ ಲೆಕ್ಕದ ಎರಡೂ ಅಂಕಿಗಳು ಗ್ಯಾರೇಜಿನ ಹೊರಗೆ, ಬಹಳ ದೂರದಲ್ಲಿ ನಿಗದಿಯಾಗುತ್ತ ಬಂದಿವೆ ಎಂಬುದು ಕಾಣುತ್ತದೆ.

ಜೀಪು ಹುಟ್ಟಿದ್ದು ಅವಸರದಲ್ಲಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಕರೆ ಕಳಿಸಿತು: ನಾಲ್ಕೂ ಚಕ್ರಕ್ಕೆ ಎಳೆತವಿರುವ ಹಗುರ ಗಾಡಿಯ ಮೊದಲ ಮಾದರಿ 49 ದಿನಗಳಲ್ಲಿ ಬೇಕು. ಮುಂದೆ ಬಂದವು ಎರಡೇ, ಬ್ಯಾಂಟಮ್ ಮತ್ತು ವಿಲ್ಲೀಸ್. ಗಡುವಿಗೆ ಸರಿಯಾಗಿ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿದ್ದು ಬ್ಯಾಂಟಮ್. ಆದರೆ ಆ ಪುಟ್ಟ ಕಂಪನಿಗೆ ಯುದ್ಧದ ಬೇಡಿಕೆ ಪೂರೈಸುವ ತಾಕತ್ತಿಲ್ಲವೆಂದು ದೊಡ್ಡ ಗುತ್ತಿಗೆಗಳು ವಿಲ್ಲೀಸ್ ಮತ್ತು ಫೋರ್ಡ್ ಪಾಲಾದವು. ಯುದ್ಧ ಮುಗಿಯುವ ಹೊತ್ತಿಗೆ ಆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದ್ದವು.

ಇಲ್ಲಿ ನಮಗೆ ಮುಖ್ಯವಾದದ್ದು ಒಂದು ಷರತ್ತು. ಫೋರ್ಡ್ ತನ್ನ ಜೀಪನ್ನು ವಿಲ್ಲೀಸಿನ ನಕ್ಷೆಯಂತೆಯೇ ಕಟ್ಟಬೇಕಿತ್ತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕಿತ್ತು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಎಂದು ಒತ್ತಿ ಸಮಾಧಾನಪಟ್ಟುಕೊಂಡಿತು. ಗುಂಡು ಬಿದ್ದ ಮೂರು ಜೀಪು ಬಿಚ್ಚಿ ಓಡುವ ಎರಡು ಜೀಪು ಕಟ್ಟಲು ಯುದ್ಧರಂಗದ ವರ್ಕ್‌ಶಾಪಿಗೆ ಸಾಧ್ಯವಾದದ್ದು ಈ ಷರತ್ತಿನಿಂದ. ಬಿಚ್ಚಿ ಕಟ್ಟುವುದು ಜೀಪಿನ ಹುಟ್ಟುಗುಣ. ಅದನ್ನು ರಿಪೇರಿ ಮಾಡಲೇಬೇಕಾಗುತ್ತದೆ ಎಂಬ ಎಣಿಕೆಯಲ್ಲೇ ರೂಪಿಸಿದ್ದರು.

1945ರಲ್ಲಿ ಯುದ್ಧ ನಿಂತಿತು. ಲೋಕದ ಮೂಲೆಮೂಲೆಗಳಲ್ಲಿ ಲಕ್ಷಗಟ್ಟಲೆ ಹಳೆಯ ಜೀಪು ಉಳಿದವು. ಇವನ್ನು ಏನು ಮಾಡುವುದು? ಒಂದೇ ಗಾಡಿ, ಒಂದೇ ವಯಸ್ಸು, ಒಂದೇ ಸವಕಳಿ. ಆದರೂ ಒಂದೊಂದು ಊರು ಕೊಟ್ಟ ಉತ್ತರ ಒಂದೊಂದು ಬಗೆ.

ಪೆಸಿಫಿಕ್ ಸಾಗರದ ನ್ಯೂ ಹೆಬ್ರಿಡೀಸ್ ದ್ವೀಪಗಳು, ಇಂದಿನ ವನುವಾಟು, ಆಗ ಬ್ರಿಟನ್ ಮತ್ತು ಫ್ರಾನ್ಸಿನ ಜಂಟಿ ಆಡಳಿತದಲ್ಲಿದ್ದವು. ಅಲ್ಲಿನ ಎಸ್ಪಿರಿಟು ಸ್ಯಾಂಟೊ ದ್ವೀಪದಲ್ಲಿ ಅಮೆರಿಕನ್ನರ ದೊಡ್ಡ ನೆಲೆಯಿತ್ತು. ಹೊರಡುವಾಗ ಅವರು ಗಾಡಿಗಳನ್ನು ಅಗ್ಗಕ್ಕೆ ಕೊಡುತ್ತೇವೆಂದರು. ಸ್ಥಳೀಯ ಆಡಳಿತ ಕೊಳ್ಳಲಿಲ್ಲ; ಹೇಗಿದ್ದರೂ ಬಿಟ್ಟುಹೋಗುತ್ತಾರೆ, ಬಿಟ್ಟಿಯಾಗಿ ಸಿಗುತ್ತದೆ ಎಂಬ ಲೆಕ್ಕ ಅದರದು. ಅಮೆರಿಕನ್ನರು ಜೀಪು, ಲಾರಿ, ಬುಲ್ಡೋಜರುಗಳನ್ನೆಲ್ಲ ಸಾಲಾಗಿ ಸಮುದ್ರಕ್ಕೆ ನೂಕಿ ಹಡಗು ಹತ್ತಿದರು. ಆ ಜಾಗಕ್ಕೆ ಈಗ ‘ಮಿಲಿಯನ್ ಡಾಲರ್ ಪಾಯಿಂಟ್’ ಎಂಬ ಹೆಸರು. ಮುಳುಗುಗಾರರು ಹವಳ ಹತ್ತಿದ ಗಾಡಿಗಳನ್ನು ನೋಡಲು ಅಲ್ಲಿಗೆ ಹೋಗುತ್ತಾರೆ. ಓಡುತ್ತಿದ್ದ ಗಾಡಿಗಳನ್ನು ಕಂಡಮ್ ಮಾಡಿದ್ದು ತುಕ್ಕಲ್ಲ, ಚೌಕಾಸಿ.

ಅದೇ ಕಾಲಕ್ಕೆ ಫಿಲಿಪ್ಪೀನ್ಸಿನ ಮನಿಲಾ ಯುದ್ಧದಲ್ಲಿ ನೆಲಸಮವಾಗಿತ್ತು. ಊರಿಗೆ ಬಸ್ಸಿಲ್ಲ, ಟ್ರಾಮಿಲ್ಲ. ಜನ ಸೇನೆ ಬಿಟ್ಟ ಜೀಪುಗಳನ್ನು ಕೊಂಡು ಹಿಂಬದಿಯನ್ನು ಉದ್ದ ಮಾಡಿ, ಎರಡು ಬದಿಗೆ ಬೆಂಚು ಹಾಕಿ, ತಗಡಿನ ಮಾಡು ಹೊದಿಸಿ, ಬಣ್ಣ ಬಳಿದರು. ಹೀಗೆ ಹುಟ್ಟಿದ ‘ಜೀಪ್ನಿ’ ಆ ದೇಶದ ಜನಸಾಮಾನ್ಯರ ಬಸ್ಸಾಯಿತು. ದ್ವೀಪದಲ್ಲಿ ಸಮುದ್ರ ಸೇರಿದ ಗಾಡಿಯ ಒಡಹುಟ್ಟಿದ್ದು ಇಲ್ಲಿ ಒಂದು ನಗರವನ್ನೇ ಹೊತ್ತು ತಿರುಗಿತು.

ಮೂರನೆಯ ಉತ್ತರ ಬಂದದ್ದು ಬ್ರಿಟನ್ನಿನ ಆಂಗಲ್ಸಿ ದ್ವೀಪದ ಒಂದು ಹೊಲದಿಂದ. ರೋವರ್ ಕಾರು ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ಅಲ್ಲಿ ಸೇನೆಯ ಹಳೆಯ ಜೀಪೊಂದನ್ನು ಹೊಲಗೆಲಸಕ್ಕೆ ಇಟ್ಟುಕೊಂಡಿದ್ದ. ಅದು ಸವೆದಿತ್ತು, ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಇದು ಪೂರ್ತಿ ಕೆಟ್ಟ ಮೇಲೆ ಏನು ಮಾಡುತ್ತೀಯ ಎಂದು ಅಣ್ಣ ಸ್ಪೆನ್ಸರ್ ಕೇಳಿದಾಗ, ಇನ್ನೊಂದು ಜೀಪನ್ನೇ ಕೊಳ್ಳಬೇಕು, ಬೇರೆ ದಾರಿಯಿಲ್ಲ ಎಂಬರ್ಥದ ಉತ್ತರ ಬಂತಂತೆ. ಕಾರು ಕಟ್ಟುವ ಸೋದರರಿಬ್ಬರಿಗೆ ಇದು ನಾಚಿಕೆಯ ಮಾತು, ಜೊತೆಗೆ ವ್ಯಾಪಾರದ ಸುಳಿವೂ ಹೌದು. 1947ರಲ್ಲಿ ಜೀಪಿನ ಚಾಸಿಯ ಮೇಲೆಯೇ ಮೊದಲ ಮಾದರಿ ಎದ್ದಿತು. ಉಕ್ಕಿಗೆ ಪಡಿತರವಿದ್ದುದರಿಂದ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮ್ ಪ್ರದರ್ಶನದಲ್ಲಿ ಅದು ಲೋಕಕ್ಕೆ ಕಂಡಿತು: ಲ್ಯಾಂಡ್ ರೋವರ್. ಹಳೆ ಜೀಪನ್ನು ರಿಪೇರಿ ಮಾಡಿಸುವುದೋ ಬಿಡುವುದೋ ಎಂಬ ಮನೆಮಾತು ಒಂದು ಉದ್ಯಮವನ್ನೇ ಹುಟ್ಟಿಸಿತ್ತು.

ಇನ್ನು ಭಾರತ. ಸ್ವಾತಂತ್ರ್ಯ ಬಂದು ವರ್ಷ ತುಂಬುವುದರೊಳಗೆ ಕಾಶ್ಮೀರದ ಯುದ್ಧಕ್ಕೆ ಸೇನೆಗೆ ಜೀಪು ತುರ್ತಾಗಿ ಬೇಕಾದವು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ 1948ರಲ್ಲಿ ಅಷ್ಟೇನೂ ಬಂಡವಾಳವಿಲ್ಲದ ಕಂಪನಿಯೊಂದರ ಜೊತೆ ರಿಪೇರಿ ಮಾಡಿದ ಹಳೆಯ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಹಣದ ದೊಡ್ಡ ಪಾಲು ಮೊದಲೇ ಸಂದಾಯವಾಯಿತು. ಮದ್ರಾಸು ಬಂದರಿನಲ್ಲಿ ಇಳಿದದ್ದು 155 ಜೀಪು. ಸೇನೆ ಪರೀಕ್ಷಿಸಿ ಇವು ಬಳಕೆಗೆ ಬಾರವು ಎಂದಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರಲ್ಲಿ ಗೃಹಮಂತ್ರಿ ಗೋವಿಂದ ವಲ್ಲಭ ಪಂತ್ ಈ ಪ್ರಕರಣ ಮುಗಿದ ಅಧ್ಯಾಯ ಎಂದು ಸಾರಿದರು. ಮರುವರ್ಷ ಮೆನನ್ ಕೇಂದ್ರ ಮಂತ್ರಿಯಾದರು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣದ ಒಡಲಲ್ಲಿದ್ದದ್ದು ಇದೇ ಪ್ರಶ್ನೆ: ‘ರಿಪೇರಿ ಆಗಿದೆ’ ಎಂಬ ಮಾತನ್ನು ಯಾರು ಹೇಳಬೇಕು, ಯಾರು ನಂಬಬೇಕು?

ಅದೇ ವರ್ಷಗಳಲ್ಲಿ ಮುಂಬೈಯಲ್ಲಿ ಇನ್ನೊಂದು ದಾರಿ ತೆರೆದಿತ್ತು. 1945ರಲ್ಲಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂಬ ಹೆಸರಿನಲ್ಲಿ ಉಕ್ಕಿನ ವ್ಯಾಪಾರಕ್ಕೆ ಇಳಿದಿದ್ದ ಕಂಪನಿ, ದೇಶ ಒಡೆದು ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದ ಮೇಲೆ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸತೊಡಗಿತು. ಬರಬರುತ್ತ ಭಾಗಗಳೂ ಇಲ್ಲೇ ತಯಾರಾದವು. ಇದರ ಪರಿಣಾಮ ಹೊಸ ಗಾಡಿಗೆ ಮಾತ್ರ ಸೀಮಿತವಾಗಲಿಲ್ಲ. ಮಿಲಿಟರಿ ಡಿಸ್ಪೋಸಲ್ಲಿನಿಂದ ಬಂದ ಹಳೆಯ ಜೀಪಿನ ಒಡೆಯನಿಗೂ ಬಿಡಿಭಾಗದ ಚಿಂತೆ ತಗ್ಗಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಜೀಪು ನೆಲೆಯೂರಿದ್ದರ ಹಿಂದೆ ಈ ಸಂಗತಿಯಿದೆ. ಮಳೆಗಾಲದಲ್ಲಿ ಗೊಬ್ಬರದ ಮೂಟೆ, ಆಳುಗಳು, ಆಸ್ಪತ್ರೆಗೆ ಹೋಗಬೇಕಾದ ಬಸುರಿ, ಎಲ್ಲಕ್ಕೂ ಅದೊಂದೇ ಗಾಡಿ. ಪಾಟೆ ಮುರಿದರೆ ಸಂತೆಯ ಊರಿನಲ್ಲಿ ಬದಲಿ ಸಿಗುತ್ತಿತ್ತು. ಅಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಿಗುತ್ತಿತ್ತು. ಒಂದು ಜೀಪಿನ ಗುಜರಿ ಇನ್ನೊಂದರ ಆಯುಸ್ಸು.

1973ರಲ್ಲಿ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ಬೆಲೆ ಏರಿತು. ಎಂಜಿನ್ನು ಚೆನ್ನಾಗಿಯೇ ಇದ್ದ ಜೀಪುಗಳು ಒಮ್ಮೆಲೇ ಸಾಕಲಾಗದ ಆನೆಗಳಾದವು. ಒಡೆಯರು ಗಾಡಿ ಬಿಡಲಿಲ್ಲ; ಪೆಟ್ರೋಲ್ ಎಂಜಿನ್ನು ಇಳಿಸಿ ಡೀಸೆಲ್ ಎಂಜಿನ್ನು ಕೂರಿಸಿದರು. ಅದರ ಭಾರಕ್ಕೆ ಮುಂದಿನ ಪಾಟೆ ಜಗ್ಗಿತು, ನಡುಕಕ್ಕೆ ಮೈ ಬಿರಿಯಿತು, ವೆಲ್ಡಿಂಗಿನವನಿಗೆ ಕೆಲಸವಾಯಿತು. ಆದರೂ ಗಾಡಿ ಓಡಿತು, ಮನೆ ನಡೆಯಿತು. ಇಂಥ ಜೀಪಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿದೆ ಎಂದು ಕೇಳಿದರೆ ಮೆಕ್ಯಾನಿಕ್ಕು ಚಾಸಿ ತೋರಿಸುತ್ತಾನೆ. ಕಾನೂನೂ ಗಾಡಿಯನ್ನು ಗುರುತಿಸುವುದು ಚಾಸಿ ನಂಬರಿನಿಂದಲೇ. ಅನುಭವಸ್ಥರು ಹಳೆ ಜೀಪು ನೋಡಲು ಹೋದರೆ ಎಂಜಿನ್ನಿನ ಸದ್ದಿಗಿಂತ ಮೊದಲು ಕೆಳಗೆ ಬಗ್ಗಿ, ಪಾಟೆ ಕಚ್ಚುವ ಜಾಗದಲ್ಲಿ ಚಾಸಿಯನ್ನು ಸುತ್ತಿಗೆಯಿಂದ ತಟ್ಟುವುದು ಇದಕ್ಕೇ. ಠಣ್ ಎಂದರೆ ಗ್ಯಾರೇಜು, ಪೊಟ್ಟೆಂದರೆ ಗುಜರಿ. ಎಂಜಿನ್ನನ್ನು ಬೋರ್ ಮಾಡಿಸಬಹುದು, ಗೇರುಪೆಟ್ಟಿಗೆ ಬದಲಿಸಬಹುದು. ಒಳಗಿಂದ ತುಕ್ಕು ತಿಂದ ಚಾಸಿಯನ್ನು ನಂಬಿ ಘಾಟಿ ಇಳಿಯಲಾಗದು.

ಈಗ ಸುತ್ತಿಗೆಯ ಜಾಗಕ್ಕೆ ನಿಯಮ ಬಂದಿದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಯನ್ನು ಜಾರಿಗೆ ತಂದಿತು. 15 ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 15 ವರ್ಷ ದಾಟಿದ ಸರ್ಕಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ನವೀಕರಣವೇ ಇಲ್ಲ. ಗುಜರಿಗೆ ಕೊಟ್ಟವನಿಗೆ ಹೊಸ ಗಾಡಿಯ ಬೆಲೆಯ ನೂರಕ್ಕೆ ನಾಲ್ಕರಿಂದ ಆರರಷ್ಟು ಸಿಗಬಹುದೆಂಬುದು ನೀತಿಯ ಅಂದಾಜು. ಹೊಗೆಯ ವಿಷಯದಲ್ಲಿ ನೀತಿಯ ಕಾಳಜಿ ಸುಳ್ಳಲ್ಲ. ಹಳೆಯ ಡೀಸೆಲ್ ಎಂಜಿನ್ನು ಉಗುಳುವ ಮಸಿ ತೋಟದ ಗಾಳಿಗೂ ಸೇರುತ್ತದೆ. ಬ್ರೇಕು ಹಿಡಿಯದ ಜೀಪಿನಲ್ಲಿ ಕೊಡಚಾದ್ರಿಗೆ ಹತ್ತು ಮಂದಿಯನ್ನು ಹತ್ತಿಸುವುದನ್ನು ಪರಂಪರೆ ಎಂದು ಸಮರ್ಥಿಸಲೂ ಆಗದು. ಮನಿಲಾದ ಜೀಪ್ನಿಗಳೂ ಇದೇ ಕಟಕಟೆಯಲ್ಲಿವೆ. 15 ವರ್ಷ ದಾಟಿದವನ್ನು ಬದಲಿಸಬೇಕೆಂಬ ಯೋಜನೆ 2017ರಲ್ಲಿ ಬಂತು. ಹೊಸ ಗಾಡಿಯ ಸಾಲ ತೀರಿಸಲಾರೆವೆಂದು ಚಾಲಕರು ಮುಷ್ಕರ ಹೂಡಿದರು.

ಆದರೆ ನಮ್ಮ ನಿಯಮಗಳಲ್ಲಿ ಒಂದು ವಿಚಿತ್ರವಿದೆ. 2021ರಲ್ಲೇ ಬಂದ ‘ವಿಂಟೇಜ್’ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ಪರಂಪರೆಯೆಂದು ನೋಂದಾಯಿಸಿ ಉಳಿಸಿಕೊಳ್ಳಬಹುದು. ಷರತ್ತು ಎರಡು: ಅದನ್ನು ದುಡಿಮೆಗೆ ಬಳಸುವಂತಿಲ್ಲ, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಜೀಪು ಪರಂಪರೆಯಾಗುತ್ತದೆ. ಐವತ್ತು ವರ್ಷ ಗೊಬ್ಬರ ಹೊತ್ತು, ಡೀಸೆಲ್ ಎಂಜಿನ್ನು ಹಾಕಿಸಿಕೊಂಡು, ಒಂದು ಕುಟುಂಬವನ್ನು ಸಾಕಿದ ಜೀಪು ಆಗುವುದಿಲ್ಲ. ಅದನ್ನು ಬದುಕಿಸಿದ ರಿಪೇರಿಯೇ ಅದರ ಅನರ್ಹತೆ.

ಕೆಟ್ಟರೂ ಕಟ್ಟಲು ಬರಬೇಕು ಎಂಬ ಒಂದೇ ಆಸೆಯಿಂದ ರೂಪುಗೊಂಡ ಗಾಡಿಗೆ ಇದಕ್ಕಿಂತ ಹೊಂದದ ಅಳತೆಗೋಲು ಇರಲಾರದು. ಬ್ರೇಕನ್ನು ಪರೀಕ್ಷಿಸಲಿ, ಹೊಗೆಯನ್ನು ಅಳೆಯಲಿ, ಚಾಸಿಯನ್ನು ತಟ್ಟಿ ನೋಡಲಿ. ಸೋತ ಗಾಡಿ ಗುಜರಿಗೆ ಹೋಗಲಿ. ಗೆದ್ದ ಗಾಡಿಗೆ, ಅದರ ಮೈಯಲ್ಲಿ ಎಷ್ಟು ವೆಲ್ಡಿಂಗಿನ ಗುರುತುಗಳಿದ್ದರೂ, ದುಡಿಯುವ ಹಕ್ಕು ಉಳಿಯಲಿ. ಆ ಗುರುತುಗಳೂ ನಮ್ಮ ಚರಿತ್ರೆಯ ದಾಖಲೆಗಳೇ. ಬರೆದವರು ಮಾತ್ರ ಸಹಿ ಹಾಕದ ಮೆಕ್ಯಾನಿಕ್ಕುಗಳು.