ನಾಲ್ಕು ದೀಪದ ಲೆಕ್ಕ: ಮಲೆನಾಡಿನ ಒಂಟಿ ಮನೆಗಳಲ್ಲಿ ಸೌರ ವಿದ್ಯುತ್ತು

ಮಲೆನಾಡಿನಲ್ಲಿಯೂ ಕರಾವಳಿಯ ಒಳಭಾಗಗಳಲ್ಲಿಯೂ ಮನೆಗಳು ಒತ್ತೊತ್ತಾಗಿರದೆ ತೋಟ, ಗದ್ದೆಗಳ ಅಂಚಿನಲ್ಲಿ ಒಂದೊಂದಾಗಿ ಚದುರಿರುವುದರಿಂದ, ಒಂದೇ ಮನೆಗಾಗಿ ಕಾಡಿನ ನಡುವೆ ಕಂಬ ನೆಟ್ಟು ತಂತಿ ಎಳೆಯುವುದು ಬಹುಕಾಲ ದುಬಾರಿಯ ಕೆಲಸವಾಗಿತ್ತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ಬ್ಯಾಂಕ್ ಸಾಲದ ಆಸರೆಯಲ್ಲಿ ಹಳ್ಳಿಗಳಿಗೆ ಸೌರದೀಪ ಒದಗಿಸತೊಡಗಿದ ಮೇಲೆ, ಸೀಮೆಎಣ್ಣೆಯ ಬುಡ್ಡಿ ಉರಿಯುತ್ತಿದ್ದ ಮನೆಗೆ ಎಷ್ಟು ವಿದ್ಯುತ್ತು ಬೇಕೆಂಬುದನ್ನು ಅಂಕಿಗಳಲ್ಲಿ ಹೇಳಬೇಕಾಯಿತು. ಹೆಚ್ಚಾಗಿ ಬಳಕೆಗೆ ಬಂದ ಉತ್ತರವೆಂದರೆ ನಾಲ್ಕು ದೀಪ ಮತ್ತು 35ರಿಂದ 40 ವ್ಯಾಟ್‌ನ ಒಂದು ಪ್ಯಾನೆಲ್.

ಈ ಅಳತೆಯ ಹಿಂದಿನ ಗಣಿತ ಸರಳವಾಗಿಯೇ ಇದೆ. 9 ವ್ಯಾಟ್‌ನ ನಾಲ್ಕು ಸಿಎಫ್‌ಎಲ್ ದೀಪಗಳು ದಿನಕ್ಕೆ 4 ಗಂಟೆ ಉರಿದರೆ 144 ವ್ಯಾಟ್-ಗಂಟೆ, ಅಂದರೆ ವ್ಯಾಟ್‌ಗಳನ್ನು ಗಂಟೆಗಳಿಂದ ಗುಣಿಸಿದಷ್ಟು ವಿದ್ಯುತ್ತು, ಖರ್ಚಾಗುತ್ತದೆ. ಬ್ಯಾಟರಿ, ತಂತಿಗಳಲ್ಲಿ ಸುಮಾರು ಶೇ. 30ರಷ್ಟು ಸೋರಿಹೋಗುವುದೆಂದು ಹಿಡಿದರೆ ಪ್ಯಾನೆಲ್ ಸುಮಾರು 206 ವ್ಯಾಟ್-ಗಂಟೆ ಉತ್ಪಾದಿಸಬೇಕು. ದಿನವಿಡೀ ಏರಿಳಿಯುವ ಬಿಸಿಲನ್ನು ಪೂರ್ಣ ಪ್ರಖರತೆಯ ಗಂಟೆಗಳಿಗೆ ಇಳಿಸಿ ಎಣಿಸುವುದು ರೂಢಿ. ಒಣ ತಿಂಗಳುಗಳಲ್ಲಿ ಅಂಥ 5 ಗಂಟೆ ದೊರೆತರೆ 41 ವ್ಯಾಟ್‌ ಸಾಕು. ಆಷಾಢದ ಮೋಡದಲ್ಲಿ ಅದು 3 ಗಂಟೆಗೆ ಇಳಿದರೆ 69 ವ್ಯಾಟ್‌ ಬೇಕು. ಮೂರು ದಿನ ಬಿಸಿಲಿಲ್ಲದಿದ್ದರೂ ದೀಪ ಉರಿಯಬೇಕೆಂದರೆ, ಮತ್ತು ಸೀಸ-ಆಮ್ಲದ ಬ್ಯಾಟರಿಯ ಬಾಳಿಕೆಗಾಗಿ ಅದನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡಬಾರದೆಂದರೆ, 12 ವೋಲ್ಟ್‌ನಲ್ಲಿ 72 ಆಂಪಿಯರ್-ಗಂಟೆಯ ಬ್ಯಾಟರಿ ಅಗತ್ಯ.

ರೂಢಿಗೆ ಬಂದ ಪ್ಯಾನೆಲ್ ಹಾಗಾದರೆ ಮಳೆಗಾಲದ ಅಳತೆಯದಲ್ಲ, ಬೇಸಿಗೆಯದು. ದೊಡ್ಡ ಪ್ಯಾನೆಲ್ ಎಂದರೆ ದೊಡ್ಡ ಕಂತು. ಅಡಿಕೆ ಮಾರಿ ಕಂತು ಕಟ್ಟುವವರಿಗೆ ವರ್ಷದ ಮೂರು ತಿಂಗಳಿಗಾಗಿ ಆ ಹೊರೆ ಹೊರುವುದಕ್ಕಿಂತ, ಮಳೆಗಾಲದಲ್ಲಿ ಕೊಟ್ಟಿಗೆಯ ದೀಪವನ್ನು ಬೇಗ ಆರಿಸುವುದೇ ಲೇಸು. ವ್ಯವಸ್ಥೆಯನ್ನು ಮನೆಯ ಬೇಡಿಕೆಗೆ ಹೊಂದಿಸಿತೆಂದು ಹೇಳಲಾಗುವ ಈ ಲೆಕ್ಕ, ವಾಸ್ತವದಲ್ಲಿ ಮನೆಯನ್ನೇ ಕಂತಿಗೆ ಹೊಂದಿಸಿತೆನ್ನಬೇಕು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು ಕಡಿಮೆ ಬಡ್ಡಿಯ ಸೌರ ಸಾಲ ನೀಡತೊಡಗಿದಾಗ ಕಂತು ಹಗುರಾಯಿತಾದರೂ ಮಳೆಗಾಲದ ಕೊರತೆ ಉಳಿದೇ ಇತ್ತು.

ಆ ಕೊರತೆಯನ್ನು ನೀಗಿದ್ದು ಪ್ಯಾನೆಲ್ ಅಲ್ಲ, ದೀಪ. ಎಲ್‌ಇಡಿ ಅಗ್ಗವಾದ ಮೇಲೆ 3 ವ್ಯಾಟ್‌ನ ನಾಲ್ಕು ದೀಪಗಳಿಗೆ ದಿನಕ್ಕೆ 48 ವ್ಯಾಟ್-ಗಂಟೆ ಸಾಕಾಗಿ, ಅದೇ 3 ಗಂಟೆಯ ಮಳೆಗಾಲದ ಬಿಸಿಲಿಗೂ 23 ವ್ಯಾಟ್‌ನ ಪ್ಯಾನೆಲ್ ಸಾಲುವಂತಾಯಿತು. ಉಳಿದ ವಿದ್ಯುತ್ತಿಗೆ ಮೊಬೈಲು, ಟಿವಿಗಳು ಪಾಲುದಾರರಾದವು. ಮಿಕ್ಸಿಯ ಮಾತು ಬೇರೆ: 500 ವ್ಯಾಟ್‌ನ ಮಿಕ್ಸಿ ಹತ್ತು ನಿಮಿಷ ತಿರುಗಿದರೆ ಖರ್ಚಾಗುವುದು ಸುಮಾರು 83 ವ್ಯಾಟ್-ಗಂಟೆಯಷ್ಟೇ ಆದರೂ, ಆ ಹೊತ್ತಿನಲ್ಲಿ 12 ವೋಲ್ಟ್‌ನ ಬ್ಯಾಟರಿಯಿಂದ 40 ಆಂಪಿಯರ್‌ಗೂ ಮಿಕ್ಕ ಪ್ರವಾಹ ಹರಿಯಬೇಕಾಗುವುದರಿಂದ, ದೀಪಕ್ಕೆಂದು ಎಳೆದ ತೆಳು ತಂತಿ ಅದನ್ನು ತಾಳಲಾರದು, ಅಲ್ಲಿಂದ ಮುಂದೆ ಇನ್ವರ್ಟರು, ದಪ್ಪ ತಂತಿ, ದೊಡ್ಡ ಬ್ಯಾಟರಿಗಳ ಹೊಸ ಲೆಕ್ಕವೇ ಬೇಕಾಯಿತು.