ಹಾಡು ಕೇಳಲಿಕ್ಕೋ, ನೋಡಲಿಕ್ಕೋ?

ತಿಪಟೂರಿನ ಕೊಬ್ಬರಿ ಗೋದಾಮುಗಳಲ್ಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಬಹುಕಾಲ ಹಾಡು ಎಂದರೆ ರೇಡಿಯೊ. ಅದಕ್ಕೆ ಕಾರಣ ಕೆಲಸದ ರೀತಿಯಲ್ಲೇ ಇತ್ತು. ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ನೀರು ಪೂರ್ತಿ ಹಿಂಗಿದ ಮೇಲೆ ಮಟ್ಟೆ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆಯಬೇಕು. ಏಟು ತುಸು ಜೋರಾದರೆ ಕೊಬ್ಬರಿ ಹೋಳಾಗುತ್ತದೆ, ಬೆಲೆ ಇಳಿಯುತ್ತದೆ. ಕಣ್ಣಿಗೂ ಕೈಗೂ ಬಿಡುವಿಲ್ಲದ ಈ ಕೆಲಸದಲ್ಲಿ ಪುರುಸೊತ್ತಿರುವುದು ಕಿವಿಗೆ ಮಾತ್ರ.

ಇಂಥ ಕಿವಿಗಳ ಎದುರಿಗೆ ಟಿ.ವಿ. ಬಂತು; ಅದರ ಬೆನ್ನಿಗೆ ಹಾಡಿನ ವಿಡಿಯೊ ಬಂತು. ಅಮೆರಿಕದಲ್ಲಿ ಎಂ.ಟಿ.ವಿ. ವಾಹಿನಿ 1981ರ ಆಗಸ್ಟ್ 1ರಂದು ಶುರುವಾದಾಗ ಮೊದಲು ತೋರಿಸಿದ್ದು, ವಿಡಿಯೊ ಬಂದು ರೇಡಿಯೊ ತಾರೆಯನ್ನು ಕೊಂದಿತು ಎಂಬ ಅರ್ಥದ ಹಾಡನ್ನೇ. ಅದು ತಮಾಷೆಯೋ ಬೆದರಿಕೆಯೋ ಹೇಳುವುದು ಕಷ್ಟ. ದೃಶ್ಯ ಸಂಗೀತವನ್ನು ಬೆಳೆಸುತ್ತದೆಯೇ, ಕೆಡಿಸುತ್ತದೆಯೇ ಎಂಬ ಚರ್ಚೆ ಅಲ್ಲಿಂದೀಚೆಗೆ ನಿಂತಿಲ್ಲ. ಕೇಳಲೆಂದೇ ಇದ್ದ ಹಾಡನ್ನು ಕಣ್ಣಿನ ಪಾಲು ಮಾಡಿಬಿಟ್ಟರು ಎಂಬ ದೂರು ಕನ್ನಡದಲ್ಲೂ ಉಂಟು. ಆದರೆ ಈ ತೆಂಗಿನ ಸೀಮೆಯ ಚರಿತ್ರೆಯನ್ನು ನೋಡಿದರೆ ದೂರಿನ ಬುಡವೇ ಅಲುಗಾಡುತ್ತದೆ. ಕಣ್ಣಿನ ಹಂಗಿಲ್ಲದೆ, ಹಾಡಿದವರ ಮುಖ ಕಾಣದೆ ಹಾಡು ಕೇಳುವ ಅಭ್ಯಾಸ ಇಲ್ಲಿ ಬೆಳೆದದ್ದು ಕೆಲವೇ ತಲೆಮಾರುಗಳಿಂದ.

ಅದಕ್ಕೆ ಮೊದಲು ಇಲ್ಲಿನ ಜನ ಹಾಡನ್ನು ನೋಡುತ್ತಿದ್ದರು. ತಿಪಟೂರು ತಾಲ್ಲೂಕಿನ ಅರಳಗುಪ್ಪೆ, ಕೊನೇಹಳ್ಳಿಯಂಥ ಊರುಗಳು ಮೂಡಲಪಾಯ ಯಕ್ಷಗಾನದ ನೆಲೆಗಳು. ಕರಾವಳಿಯ ಆಟಕ್ಕೆ ಸಿಕ್ಕ ಹೆಸರು ಸಿಗದ ಈ ಬಯಲುಸೀಮೆಯ ಪ್ರಕಾರವನ್ನು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಜಾನಪದ ತಜ್ಞ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಭಾಗವತರ ಪದ, ಮದ್ದಳೆ, ತಾಳ, ಮುಖವೀಣೆಯ ಚೂಪು ನಾದ ಒಂದು ಕಡೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಂಗ ನಡುಗುವಂತೆ ಹೆಜ್ಜೆಯಿಡುವ ವೇಷ ಇನ್ನೊಂದು ಕಡೆ. ಪದ ಮುಗಿಯದೆ ವೇಷ ಮಾತಿಗೆ ತೊಡಗುವಂತಿಲ್ಲ. ಭಾಗವತರು ಲಯ ಏರಿಸಿದರೆ ಕುಣಿತವೂ ಏರಬೇಕು. ದೃಶ್ಯ ಎಷ್ಟೇ ಅಬ್ಬರದ್ದಾದರೂ ಯಜಮಾನಿಕೆ ಹಾಡಿನದೇ. (ಅದೇ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ 9ನೇ ಶತಮಾನದ ಶಿಲ್ಪಿ ನರ್ತಿಸುವ ಶಿವನನ್ನೂ ಸುತ್ತ ಅಷ್ಟದಿಕ್ಪಾಲಕರನ್ನೂ ಕೆತ್ತಿಟ್ಟಿದ್ದಾನೆ. ಅಲ್ಲಿ ದೃಶ್ಯವುಂಟು, ನಾದವಿಲ್ಲ. ತಾಳವನ್ನು ನೋಡುವವರೇ ಹಾಕಿಕೊಳ್ಳಬೇಕು.)

ಕಂಪನಿ ನಾಟಕಗಳ ಕಾಲಕ್ಕೂ ಈ ಯಜಮಾನಿಕೆ ತಪ್ಪಲಿಲ್ಲ. ತಿಪಟೂರಿನಿಂದ ತುಮಕೂರಿನ ಕಡೆ ರೈಲು ಹತ್ತಿದರೆ ನಡುವೆ ಗುಬ್ಬಿ ಸಿಗುತ್ತದೆ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕಣ್ಣು ಕೋರೈಸುವ ರಂಗಸಜ್ಜಿಕೆಗೆ ಹೆಸರಾಯಿತು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಇಂದಿನ ವಿಡಿಯೊದವರಿಗೆ ವೈಭವದ ಹುಚ್ಚು ಎಂದು ಮೂಗು ಮುರಿಯುವವರು ವೀರಣ್ಣನವರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಆದರೆ ಒಂದು ವ್ಯತ್ಯಾಸವಿತ್ತು. ಸಭೆಯಿಂದ ‘ಒನ್ಸ್ ಮೋರ್’ ಕೂಗು ಬಂದರೆ ಯುದ್ಧ ಅಲ್ಲಿಗೇ ನಿಲ್ಲುತ್ತಿತ್ತು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು. ಔಚಿತ್ಯದ ಪ್ರಶ್ನೆಯನ್ನು ವಿಮರ್ಶಕರು ಎತ್ತಿಕೊಳ್ಳಲಿ; ಹಾಡು ಬೇಡಿದಷ್ಟು ಹೊತ್ತು ದೃಶ್ಯ ಕಾಯುತ್ತಿತ್ತು ಎಂಬುದು ಇಲ್ಲಿ ಮುಖ್ಯ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಆ ‘ಕುರುಕ್ಷೇತ್ರ’ದ ಸಂತತಿ ಇನ್ನೂ ಬದುಕಿದೆ. ತೋಟದ ರೈತರು, ಅಂಗಡಿಯವರು, ಶಾಲೆಯ ಮೇಷ್ಟ್ರು ತಿಂಗಳುಗಟ್ಟಲೆ ಡ್ರಾಮಾ ಮಾಸ್ಟರ ಹಾರ್ಮೋನಿಯಂ ಮುಂದೆ ಕೂತು ಕಂದ, ಪದ್ಯ ಕಲಿಯುತ್ತಾರೆ. ಪಾತ್ರಕ್ಕೆ ತಾವೇ ಹಣ ಹಾಕುತ್ತಾರೆ. ಅರಮನೆಯ ಪರದೆ, ಕಿರೀಟ, ಗದೆಗಳನ್ನು ಬಾಡಿಗೆಗೆ ತರುತ್ತಾರೆ. ಹಗಲು ಕೊಬ್ಬರಿ ತೂಗಿಸಿ ಬಂದವರು ರಾತ್ರಿ ದುರ್ಯೋಧನನಾಗುತ್ತಾರೆ. ಆ ಕಿರೀಟ ನೋಡಲೆಂದು ಬಂದವರಿಗೂ ಮರುದಿನ ನೆನಪಿನಲ್ಲಿ ಉಳಿಯುವುದು ಯಾರ ಆಲಾಪ ಎಷ್ಟು ಹೊತ್ತು ನಿಂತಿತು ಎಂಬುದೇ.

ಹಾಡನ್ನು ಮೊದಲು ಕತ್ತರಿಸಿದ್ದು ವಿಡಿಯೊ ಅಲ್ಲ, ಗ್ರಾಮಫೋನ್ ತಟ್ಟೆ. ಅದರ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. ರಾತ್ರಿಯೆಲ್ಲ ಹರಿಯುತ್ತಿದ್ದ ಸಂಗೀತ ಆ ಅಳತೆಗೆ ಮುದುಡಿತು. ಹಾಡಿದವರ ಮುಖ ಕಾಣದೆ ಧ್ವನಿ ಮಾತ್ರ ಮನೆಗೆ ಬಂದದ್ದೂ ಆಗಲೇ. ಸಿನಿಮಾ ಇನ್ನೊಂದು ವಿಚಿತ್ರ ಮಾಡಿತು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿ ನಾಟಕ ಕಂಪನಿಗಳಲ್ಲಿ ಪಳಗಿದ ನರಸಿಂಹರಾಜು, ಗುಬ್ಬಿ ಕಂಪನಿಯಿಂದ ಬಂದ ರಾಜ್‌ಕುಮಾರ್ ಇಬ್ಬರೂ ಬೆಳಕಿಗೆ ಬಂದ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನ ಹಾಡಿಗೆ ಧ್ವನಿ ಕೊಟ್ಟವರು ಸಿ.ಎಸ್. ಜಯರಾಮನ್. ರಂಗದ ಮೇಲೆ ಹಾಡಿಕೊಂಡೇ ಬೆಳೆದ ರಾಜ್‌ಕುಮಾರ್ ಒಂದೆರಡು ಬಿಡಿ ಹಾಡುಗಳನ್ನು ಬಿಟ್ಟರೆ 1974ರ ‘ಸಂಪತ್ತಿಗೆ ಸವಾಲ್’ವರೆಗೆ ತುಟಿಯಾಡಿಸಿದ್ದು ಬೇರೆಯವರ ಕಂಠಕ್ಕೆ, ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠಕ್ಕೆ. ಮುಖ ಒಬ್ಬರದು, ದನಿ ಇನ್ನೊಬ್ಬರದು. ಆದರೂ ಜನ ಎರಡನ್ನೂ ಒಂದಾಗಿ ಸ್ವೀಕರಿಸಿದರು. ದೃಶ್ಯ ಹಾಡಿನ ಶತ್ರುವೆಂದು ಸಾರಾಸಗಟಾಗಿ ಹೇಳುವವರಿಗೆ ಇದಕ್ಕೆ ಉತ್ತರವಿಲ್ಲ.

ನಿಜವಾದ ಇಕ್ಕಟ್ಟು ಕಾಣುವುದು ಭಾವಗೀತೆಯಲ್ಲಿ. 1978ರಲ್ಲಿ ನಿಸಾರ್ ಅಹಮದ್‌ರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಮೇಲೆ ಕವಿತೆ ಮನೆ ಮನೆಯ ಟೇಪ್‌ರೆಕಾರ್ಡರಿಗೆ ಇಳಿಯಿತು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯಂತೂ ಕೇಳಿಯೇ ಬಾಯಿಪಾಠವಾದ ಪುಸ್ತಕ. ಅದರಲ್ಲಿ ಮಾವನ ಮನೆಗೆ ಬರುವ ರಾಯರನ್ನು ತೆಂಗಿನ ಸೀಮೆಯ ಕೇಳುಗ ತನ್ನ ಊರಿನ ತೋಟದ ಬದುವಿನ ಮೇಲೇ ನಡೆಸಿಕೊಂಡು ಬಂದಿರುತ್ತಾನೆ. ಮಲೆನಾಡಿನವರ ರಾಯರು ಅಡಿಕೆ ತೋಟ ದಾಟಿರುತ್ತಾರೆ. ಟಿ.ಎಸ್. ನಾಗಾಭರಣ ಆ ಕವಿತೆಗಳನ್ನೇ ಹೆಣೆದು, ಸಿ. ಅಶ್ವತ್ಥ್ ಸಂಗೀತದಲ್ಲಿ ಸಿನಿಮಾ ಮಾಡಿದರು. ಕವಿಗೆ 1991ರ ಸಾಲಿನ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಪುಸ್ತಕ ಓದದವರಿಗೂ ಕವಿತೆ ತಲುಪಿತು. ಆದರೆ ಸುಧಾರಾಣಿಯವರ ಮುಖ ಒಮ್ಮೆ ಕಂಡಮೇಲೆ ಪದುಮಳಿಗೆ ಬೇರೆ ಮುಖ ಉಳಿಯುವುದು ಕಷ್ಟ. ನಟಿಯ ತಪ್ಪು ಅದರಲ್ಲಿ ಏನೂ ಇಲ್ಲ. ಸಾವಿರ ಮುಖಗಳಿದ್ದ ಕಡೆ ಒಂದು ಮುಖ ಉಳಿಯಿತು. ಕತೆಯ ಹಾಡಿಗೆ, ಕುಣಿತದ ಹಾಡಿಗೆ ಇದು ದೊಡ್ಡ ನಷ್ಟವಲ್ಲ, ಭಾವಗೀತೆಗೆ ನಷ್ಟವೇ.

ನಂಬಿಕೆಯ ಹಾಡಾದರೆ ಪಣ ಇನ್ನೂ ದೊಡ್ಡದು. ದಕ್ಷಿಣದ ಮಲೆ ಮಹದೇಶ್ವರನ ಕಾವ್ಯದ ‘ಕೋಲುಮಂಡೆ ಜಂಗಮ’ ಪದವನ್ನು ನಾಗಾಭರಣರೇ 1996ರ ‘ಜನುಮದ ಜೋಡಿ’ಯಲ್ಲಿ ಬಳಸಿದ್ದರು. ಜನ ಮೆಚ್ಚಿದರು, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಅದೇ ಪದವನ್ನು ಚಂದನ್ ಶೆಟ್ಟಿ ರ್‍ಯಾಪ್ ಶೈಲಿಯಲ್ಲಿ ಹಾಡಿ 2020ರ ಆಗಸ್ಟ್‌ನಲ್ಲಿ ವಿಡಿಯೊ ಬಿಡುಗಡೆ ಮಾಡಿದಾಗ ಭಕ್ತರು ಸಿಡಿದೆದ್ದರು. ಆಕ್ಷೇಪ ಮುಖ್ಯವಾಗಿ ಎದ್ದದ್ದು ಶರಣೆ ಸಂಕಮ್ಮನನ್ನು ತೋರಿಸಿದ ರೀತಿಯ ಬಗ್ಗೆ. ಗಾಯಕ ಕ್ಷಮೆ ಕೇಳಿದರು. ವಿಡಿಯೊ ಯೂಟ್ಯೂಬ್‌ನಿಂದ ಇಳಿಯಿತು. ರ್‍ಯಾಪ್ ಶೈಲಿಯಷ್ಟೇ ಆಗಿದ್ದರೆ ಗೊಣಗಾಟದಲ್ಲಿ ಮುಗಿಯುತ್ತಿತ್ತೇನೋ. ಕಂಸಾಳೆಯವರ ದನಿಯಲ್ಲಿ ತಲೆಮಾರುಗಳಿಂದ ಕೇಳಿ ಪ್ರತಿಯೊಬ್ಬರೂ ಒಳಗೆ ಇಟ್ಟುಕೊಂಡಿದ್ದ ಸಂಕಮ್ಮನ ಎದುರು ಇನ್ನೊಬ್ಬ ಸಂಕಮ್ಮ ಬಂದು ನಿಂತದ್ದು ಸಹನೆಯಾಗಲಿಲ್ಲ.

ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕತೆಯನ್ನು ಹಾಡುವಾಗ ಜೊತೆಗಿರುವುದು ಗಣೆ ಎಂಬ ಉದ್ದನೆಯ ಬಿದಿರು ಕೊಳಲು. ಆ ಗಂಭೀರ ನಾದದಲ್ಲಿ ದನಗಾಹಿ ವೀರ ಪ್ರತಿ ಕೇಳುಗನಿಗೂ ಒಂದೊಂದು ರೂಪದಲ್ಲಿ ಕಾಣುತ್ತಾನೆ. ನಾಳೆ ಯಾರಾದರೂ ಕ್ಯಾಮರಾ ಹೊತ್ತು ಆ ಹಟ್ಟಿಗೆ ಹೋದರೆ ಗಣೆ ಊದುವವರನ್ನು ಚಿತ್ರಿಸುವುದೇ, ಜುಂಜಪ್ಪನಿಗೆ ವೇಷ ಕಟ್ಟುವುದೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಮೊದಲ ದಾರಿಯನ್ನು ಹಳ್ಳಿಯ ನಾಟಕದವರು ತಾವಾಗಿಯೇ ಹಿಡಿದಿದ್ದಾರೆ. ಒಂದು ಕ್ಯಾಮರಾ ನೆಟ್ಟು ಇಡೀ ರಾತ್ರಿಯ ‘ಕುರುಕ್ಷೇತ್ರ’ವನ್ನು ಹಾಗೇ ತುಂಬಿಸಿ ಯೂಟ್ಯೂಬ್‌ಗೆ ಏರಿಸುತ್ತಾರೆ. ಮೈಕು ಕೀಚಿಡುತ್ತದೆ, ಪರದೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಯಾರೋ ರಂಗಕ್ಕೆ ಹತ್ತಿ ಕರ್ಣನಿಗೆ ನೋಟಿನ ಹಾರ ಹಾಕುತ್ತಾರೆ. ಕರ್ಣನ ಹಾಡು ಮುಗಿಯುವವರೆಗೆ ಕ್ಯಾಮರಾ ಅಲ್ಲಾಡುವುದಿಲ್ಲ. ಕೊಬ್ಬರಿ ಸುಲಿಯುವ ಕಡೆ ಈಗ ಕೇಳಿಸುವುದು ಹಲವು ಬಾರಿ ಇದೇ. ಮೊಬೈಲಿನ ತೆರೆ ಅಂಗಿಯ ಜೇಬಿನೊಳಗಿರುತ್ತದೆ.